ಹದಿನೆಂಟು ದಾಟಿದ ಮೇಲೆ ಹಾಯಿದೋಣಿಯ ಮಕ್ಕಳು ಎಲ್ಲಿ ಹೋಗುತ್ತಾರೆ?

2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಸೇಲಿಂಗ್‌ನಲ್ಲಿ, ಅಂದರೆ ಹಾಯಿದೋಣಿ ರೇಸಿನಲ್ಲಿ, ಭಾರತಕ್ಕೆ ಮೂರು ಪದಕ ಬಂದವು. ನೇಹಾ ಠಾಕೂರ್‌ಗೆ ಬೆಳ್ಳಿ, ಇಬಾದ್ ಅಲಿ ಮತ್ತು ವಿಷ್ಣು ಸರವಣನ್‌ಗೆ ಕಂಚು. ಕ್ರಿಕೆಟ್, ಕಬಡ್ಡಿ, ಜಾವೆಲಿನ್‌ಗಳ ಗದ್ದಲದಲ್ಲಿ ಆ ಸುದ್ದಿ ಎರಡು ಪ್ಯಾರಾಗಳಲ್ಲಿ ಬಂದು ಹೋಯಿತು. ಪದಕಪಟ್ಟಿಗೆ ಮೂರು ಸೇರಿಸಿಕೊಂಡು ನಾವೂ ಮುಂದಿನ ಸುದ್ದಿಗೆ ಹೋದೆವು.

ಯಾವ ದೋಣಿಯಲ್ಲಿ ಬಂದ ಪದಕ ಎಂದು ಕೇಳಿದರೆ ಲೆಕ್ಕ ಬೇರೆಯಾಗುತ್ತದೆ. ನೇಹಾ ಗೆದ್ದದ್ದು ಐಎಲ್‌ಸಿಎ 4ರಲ್ಲಿ. ಅದು ಎಳೆಯರ ದೋಣಿ, ಒಲಿಂಪಿಕ್ಸ್‌ನಲ್ಲಿ ಇಲ್ಲ. ಇಬಾದ್ ಅಲಿ ಗೆದ್ದ ಆರ್‌ಎಸ್:ಎಕ್ಸ್ ವಿಂಡ್‌ಸರ್ಫಿಂಗ್ ಹಲಗೆಯನ್ನು ಟೋಕಿಯೊ ಆದ ಮೇಲೆ ಒಲಿಂಪಿಕ್ಸ್‌ನಿಂದ ಕೈಬಿಟ್ಟು, ಅದರ ಜಾಗಕ್ಕೆ ನೀರಿನಿಂದ ಮೇಲೆದ್ದು ತೇಲಿಹೋಗುವ ಐಕ್ಯೂಫಾಯಿಲ್ ತಂದಾಗಿತ್ತು. ಮೂರರಲ್ಲಿ ಒಲಿಂಪಿಕ್ಸ್ ದೋಣಿಯಲ್ಲಿ ಗೆದ್ದದ್ದು ಐಎಲ್‌ಸಿಎ 7ರ ವಿಷ್ಣು ಒಬ್ಬರೇ. ಅವರು ಸೇನೆಯವರು.

ಗೆದ್ದವರ ಪದಕವನ್ನು ಸಣ್ಣದು ಮಾಡಲು ಈ ಮಾತು ಹೇಳುತ್ತಿಲ್ಲ. ಆಗ ಹದಿನೇಳರ ಹರೆಯದಲ್ಲಿದ್ದ, ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ರೈತ ಕುಟುಂಬದ ಹುಡುಗಿ ಏಷ್ಯಾದಲ್ಲಿ ಎರಡನೆಯವಳಾಗುವುದು ದೊಡ್ಡ ಮಾತೇ. ನನ್ನ ಪ್ರಶ್ನೆ ಆಮೇಲಿನದ್ದು. ಈ ಆಟವನ್ನು ದೇಶದಲ್ಲಿ ಬೆಳೆಸುತ್ತೇವೆ ಎನ್ನುವವರು ಪದಕ ಎಣಿಸುವುದನ್ನು ಸ್ವಲ್ಪ ಬದಿಗಿಟ್ಟು, ಹದಿನೈದಕ್ಕೆ ದೋಣಿಯಲ್ಲಿದ್ದ ಮಕ್ಕಳಲ್ಲಿ ಇಪ್ಪತ್ತಕ್ಕೆ ಎಷ್ಟು ಮಂದಿ ಉಳಿದಿದ್ದಾರೆ ಎಂದು ಎಣಿಸಬೇಕು ಎಂಬುದು ನನ್ನ ವಾದ.

ಐಎಲ್‌ಸಿಎ ಎಂದರೆ ಹಿಂದೆ ಲೇಸರ್ ಎನ್ನುತ್ತಿದ್ದ ಒಂಟಿ ಸವಾರನ ದೋಣಿ. ಉದ್ದ ನಾಲ್ಕು ಮೀಟರಿಗೆ ತುಸು ಜಾಸ್ತಿ, ತೂಕ ಹತ್ತಿರ ಹತ್ತಿರ 60 ಕಿಲೊ. ಒಡಲು ಒಂದೇ, ಹಾಯಿ ಮಾತ್ರ ಮೂರು ಅಳತೆಯದು: 4.7, 5.76 ಮತ್ತು 7.06 ಚದರ ಮೀಟರ್. ಅದೇ ಕ್ರಮದಲ್ಲಿ ಎಳೆಯರಿಗೆ ಐಎಲ್‌ಸಿಎ 4, ಹೆಂಗಸರ ಒಲಿಂಪಿಕ್ಸ್‌ಗೆ 6, ಗಂಡಸರ ಒಲಿಂಪಿಕ್ಸ್‌ಗೆ 7. ಕಾಗದದ ಮೇಲೆ ನೋಡಿದರೆ ಸುಲಭದ ಏಣಿ, ಹಾಯಿ ಬದಲಿಸಿದರೆ ಸಾಕು. ಆದರೆ ಗಾಳಿ ಜೋರಾದಾಗ ಹಾಯಿಯನ್ನು ತಡೆದು ನಿಲ್ಲಿಸುವುದು ಸವಾರರ ಮೈಭಾರ. ಕಾಲನ್ನು ದೋಣಿಯೊಳಗಿನ ಪಟ್ಟಿಗೆ ಸಿಕ್ಕಿಸಿ, ಇಡೀ ಮೈಯನ್ನು ಹೊರಗೆ ಚಾಚಿ, ತೊಡೆ ಉರಿಯುವವರೆಗೆ ಹಾಗೇ ಇರಬೇಕು. ಐಎಲ್‌ಸಿಎ 7ಕ್ಕೆ 80 ಕಿಲೊ ಆಸುಪಾಸಿನ ಗಟ್ಟಿ ಮೈ ಬೇಕು, 6ಕ್ಕೂ 65ರ ಮೇಲಿದ್ದರೆ ಅನುಕೂಲ. ನಮ್ಮ ಮಕ್ಕಳು ಹದಿನೇಳಕ್ಕೆ 50 ಕಿಲೊ ಇರುತ್ತಾರೆ. ಹಾಗಾಗಿ ಚಿಕ್ಕ ಹಾಯಿಯಲ್ಲಿ ಏಷ್ಯಾ ಗೆಲ್ಲುತ್ತೇವೆ, ದೊಡ್ಡ ಹಾಯಿಗೆ ಬರುವಾಗ ಅರ್ಧ ಮಂದಿ ಕಾಣುವುದಿಲ್ಲ. ಊಟ, ಜಿಮ್ಮು, ಎರಡು ಮೂರು ವರ್ಷದ ತಾಳ್ಮೆ ಬೇಕಾಗುವುದು ಇಲ್ಲಿ. ಪಿಯುಸಿ, ಜೆಇಇ, ಸಿಇಟಿ ಬಂದು ಅಡ್ಡ ನಿಲ್ಲುವುದೂ ಸರಿಯಾಗಿ ಇಲ್ಲೇ.

ನನ್ನ ಅಣ್ಣ ಚೆನ್ನೈಯಲ್ಲಿ ಕೆಲಸದಲ್ಲಿದ್ದಾನೆ. ಅವನ ಮಗಳು ಬೇಸಿಗೆ ಶಿಬಿರಕ್ಕೆಂದು ಸೇರಿದವಳು ಅಲ್ಲೇ ಅಂಟಿಕೊಂಡಳು. ಹೋದಾಗಲೆಲ್ಲ ಅವಳೊಂದಿಗೆ ನಾನೂ ದಡಕ್ಕೆ ಹೋಗಿ ಕೂರುತ್ತೇನೆ. ಹಾಯಿದೋಣಿ ಎಂದರೆ ಪೋಸ್ಟರಿನಲ್ಲಿರುವ ಬಿಳಿ ಬಟ್ಟೆ, ನೀಲಿ ನೀರು ಎಂದುಕೊಂಡವರು ಒಮ್ಮೆ ದಡದ ಕೆಲಸ ನೋಡಬೇಕು. ಎರಡು ತುಂಡಿನ ಹಾಯಿಕಂಬವನ್ನು ಒಂದಕ್ಕೊಂದು ತುರುಕಿ, ದಿಂಬಿಗೆ ಕವರ್ ಹಾಕಿದ ಹಾಗೆ ಹಾಯಿಯ ತೋಳನ್ನು ಅದರ ಮೇಲಿಂದ ಇಳಿಸುತ್ತಾರೆ. ಇಬ್ಬರು ಹಿಡಿದು ಎತ್ತಿ, ಗಾಳಿಗೆ ಬೀಳದಂತೆ ದೋಣಿಯ ತೂತಿಗೆ ನಿಲ್ಲಿಸುತ್ತಾರೆ. ಆಮೇಲೆ ಹಾಯಿಯ ಹೊಟ್ಟೆ ಎಷ್ಟು ಉಬ್ಬಬೇಕು ಎಂದು ನೋಡಿಕೊಂಡು ಹಗ್ಗಗಳನ್ನು ಬಿಗಿಯುತ್ತಾರೆ. ಕೊನೆಗೆ ದೋಣಿಯ ಹಿಂಬದಿಯ ಬಿರಡೆ. ಅದನ್ನು ಹಾಕಲು ಮರೆತರೆ ಒಡಲಿಗೆ ನೀರು ತುಂಬುತ್ತದೆ; ಅರ್ಧ ರೇಸು ಮುಗಿದ ಮೇಲೆ ದೋಣಿ ಯಾಕೆ ಇಷ್ಟು ಭಾರ ಎಂದು ಗೊತ್ತಾಗುತ್ತದೆ. ಹೊರಡುವ ಮುಂಚೆ ಮಕ್ಕಳು ಒಬ್ಬರ ಬಿರಡೆಯನ್ನು ಇನ್ನೊಬ್ಬರು ಮುಟ್ಟಿ ನೋಡುತ್ತಾರೆ, ಆಮೇಲೆ ನೀರಲ್ಲಿ ಒಬ್ಬರನ್ನೊಬ್ಬರು ಸೋಲಿಸಲು ಹೋಗುತ್ತಾರೆ.

ರೇಸಿನಲ್ಲಿ ಸೀಟಿ ಊದುವ ರೆಫರಿ ಸಾಮಾನ್ಯವಾಗಿ ಇರುವುದಿಲ್ಲ. ಹೊರಡಲು ಐದು ನಿಮಿಷ ಇರುವಾಗ ಒಂದು ಬಾವುಟ, ನಾಲ್ಕಕ್ಕೆ ಇನ್ನೊಂದು, ಒಂದು ನಿಮಿಷಕ್ಕೆ ಅದು ಇಳಿಯುತ್ತದೆ, ಸೊನ್ನೆಗೆ ಹೊರಟರು. ನಡುವೆ ಯಾರಾದರೂ ನಿಯಮ ಮುರಿದರೆ ಎದುರಾಳಿ 'ಪ್ರೊಟೆಸ್ಟ್' ಎಂದು ಕೂಗಬೇಕು. ತಪ್ಪು ತನ್ನದು ಎಂದು ಅನಿಸಿದವರು ತಾವೇ ಎರಡು ಸುತ್ತು ಸುತ್ತಿ ದಂಡ ತೀರಿಸಿ ಮುಂದೆ ಹೋಗಬೇಕು. ಒಪ್ಪದಿದ್ದರೆ ಸಂಜೆ ವಿಚಾರಣೆ. ಒಂದು ಸಂಜೆ ಅಣ್ಣನ ಮಗಳ ವಿಚಾರಣೆ ಇತ್ತು, ನಾನು ಬಾಗಿಲ ಹೊರಗಿದ್ದೆ. ಮೇಜಿನ ಮೇಲೆ ಬೆರಳುದ್ದದ ಆಟಿಕೆ ದೋಣಿಗಳು. ಗಾಳಿ ಈ ಕಡೆಯಿಂದ, ನಾನು ಇಲ್ಲಿದ್ದೆ, ಅವಳು ಅಲ್ಲಿಂದ ಬಂದಳು ಎಂದು ಇಬ್ಬರು ಹುಡುಗಿಯರು ಅವನ್ನು ಸರಿಸುತ್ತಾ ವಾದ ಮಾಡಿದರು. ಸಾಕ್ಷಿಯಾಗಿ ಬಂದ ಹುಡುಗ ಹನ್ನೆರಡರವನಿರಬೇಕು, ಹೆದರಿ ಬೆವರಿದ್ದ. ಅಣ್ಣನ ಮಗಳು ಸೋತಳು. ಹೊರಗೆ ಬಂದವಳು, “ಅತ್ತೆ, ಅವಳು ಹೇಳಿದ್ದೇ ಸರಿ. ನಾನು ಪೋರ್ಟ್‌ನಲ್ಲಿದ್ದೆ, ದಾರಿ ಬಿಡಬೇಕಿತ್ತು” ಅಂದಳು. ಪೋರ್ಟ್ ಎಂದರೆ ಗಾಳಿ ದೋಣಿಯ ಎಡಬದಿಯಿಂದ ಬರುತ್ತಿತ್ತು ಎಂದು. ಅದನ್ನು ನೀರಲ್ಲೇ ಒಪ್ಪಬಾರದಿತ್ತೇ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಈ ವಿಚಾರಣೆ ನಡೆಸಲು ನಿಯಮ ಓದಿದ ಮೂರು ಮಂದಿ ಬೇಕು, ಶುರು ಮಾಡಿಸಲು ಗಾಳಿ ಓದಬಲ್ಲ ರೇಸ್ ಆಫೀಸರ್ ಬೇಕು, ಹಾಯಿ ಅಳೆಯುವವರು ಬೇಕು. ಹೊಸ ಊರಲ್ಲಿ ಹತ್ತು ದೋಣಿ ತಂದಿಡುವುದಕ್ಕಿಂತ ಇವರನ್ನು ತಯಾರು ಮಾಡುವುದು ಕಷ್ಟ. ಅನುದಾನದ ಪಟ್ಟಿಯಲ್ಲಿ ದೋಣಿಗೆ ಒಂದು ಸಾಲು ಇರುತ್ತದೆ, ಇವರಿಗೆ ಇರುವುದಿಲ್ಲ.

ಕುಂದಾಪುರದ ಕಡೆಯ ಮನೆ ನಮ್ಮದು. ನಮ್ಮ ದೊಡ್ಡಪ್ಪ ಹಾಯಿ ಕಟ್ಟಿ ಮೀನಿಗೆ ಹೋದ ಕಾಲವನ್ನೂ ಕಂಡವರು, ಎಂಜಿನ್ ಬಂದ ಕಾಲವನ್ನೂ ಕಂಡವರು. ರಜೆಗೆ ಬಂದ ಹುಡುಗಿ ಮೊಬೈಲಿನಲ್ಲಿ ತನ್ನ ರೇಸು ತೋರಿಸಿದಳು. ಅವರು ತುಂಬ ಹೊತ್ತು ನೋಡಿ, “ಮಿಷನ್ ಇಲ್ದೆ ಅಷ್ಟ್ ದೂರ ಹೋಪುದಾ? ಗಾಳಿ ನಿಂತ್ರೆ ಎಂತ ಮಾಡುದ್?” ಅಂದರು. “ಕೋಚ್ ಬೋಟ್ ಬಂದು ಎಳ್ಕೊಂಡು ಹೋಗತ್ತೆ ಅಜ್ಜಾ” ಅಂದಳು. “ಹಾಂಗಾರೆ ಅದ್ಕ್ ಮಿಷನ್ ಇತ್ತಲೆ!” ಎಂದು ನಕ್ಕರು. ದೊಡ್ಡಪ್ಪನ ತಮಾಷೆಯಲ್ಲಿ ಈ ಆಟದ ಖರ್ಚಿನ ಗುಟ್ಟು ಇದೆ. ಗಾಳಿ ಪುಕ್ಕಟೆ, ಆದರೆ ಹತ್ತು ಮಕ್ಕಳು ನೀರಿಗಿಳಿದರೆ ಜೊತೆಗೊಂದು ರಕ್ಷಣಾ ಬೋಟು, ಅದಕ್ಕೆ ಪೆಟ್ರೋಲು, ಓಡಿಸುವವರು, ಕೋಚು. ದೋಣಿ ಕೊಳ್ಳುವುದು ಒಂದು ಸಲದ ಖರ್ಚು, ಇದು ದಿನದಿನದ್ದು. ಕ್ಲಬ್ಬುಗಳು ನಿಧಾನಕ್ಕೆ ಕಂತುವುದು ಈ ದಿನದಿನದ ಖರ್ಚಿನಲ್ಲಿ.

ನಮ್ಮ ಕರಾವಳಿಯ ಹಾಯಿಗೂ ಈ ಕ್ರೀಡೆಯ ಹಾಯಿಗೂ ಸಂಬಂಧವೇ ಇಲ್ಲದಂತಾದದ್ದು ಒಂದು ವಿಚಿತ್ರ. ಮಂಗಳೂರಿನ ಹೆಂಚು ಬೊಂಬಾಯಿಗೆ ಹೋಗುತ್ತಿದ್ದದ್ದು ಹಾಯಿಯಲ್ಲಿ. ಪತ್ತೆಮಾರಿ ಎಂಬ ಸರಕಿನ ಹಾಯಿಹಡಗು ನಡೆಸಿದ ತಂಡೇಲರಿಗೆ, ಅಂದರೆ ಅದರ ಮುಂದಾಳುಗಳಿಗೆ, ಗಾಳಿ ತಿಳಿದಷ್ಟು ಯಾವ ಕೋಚಿಗೂ ತಿಳಿದಿರಲಾರದು. ಎಂಜಿನ್ ಬಂದು ಆ ವಿದ್ಯೆ ಒಂದೆರಡು ತಲೆಮಾರಿನಲ್ಲಿ ಕರಗಿತು. ಕ್ರೀಡೆ ಇನ್ನೊಂದು ಬಾಗಿಲಿಂದ ಬಂತು: 1846ರ ರಾಯಲ್ ಬಾಂಬೆ ಯಾಟ್ ಕ್ಲಬ್, 1911ರ ರಾಯಲ್ ಮದ್ರಾಸ್ ಯಾಟ್ ಕ್ಲಬ್, ಸಿಕಂದರಾಬಾದಿನ ಹುಸೇನ್ ಸಾಗರ. ಬ್ರಿಟಿಷರ ಕೈಯಿಂದ ಅದು ನೌಕಾಪಡೆ, ಸೇನೆ ಮತ್ತು ನಗರದ ಕೆಲವು ಕುಟುಂಬಗಳ ಕೈಗೆ ಬಂತು. ಹಾಯಿ ಬಲ್ಲ ಕೇರಿಗಳಿಗೆ ಬರಲಿಲ್ಲ.

ಸಮವಸ್ತ್ರದವರನ್ನು ದೂರುವುದು ಸುಲಭ, ಆದರೆ ನ್ಯಾಯವಲ್ಲ. ಈ ಆಟದ ರಾಷ್ಟ್ರೀಯ ಫೆಡರೇಷನ್ ಆದ, 1960ರಲ್ಲಿ ಹುಟ್ಟಿದ ಯಾಟಿಂಗ್ ಅಸೋಸಿಯೇಷನ್ ಆಫ್ ಇಂಡಿಯಾವನ್ನು ಹೆಚ್ಚಾಗಿ ನೌಕಾಪಡೆಯ ಹಿರಿಯರೇ ನಡೆಸಿದ್ದಾರೆ, ಅವರಿಲ್ಲದಿದ್ದರೆ ಈ ಆಟ ಇಲ್ಲಿ ಉಳಿಯುತ್ತಲೇ ಇರಲಿಲ್ಲ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನ ಹಾಯಿದೋಣಿ ಸ್ಪರ್ಧೆ ಕೀಲ್‌ನಲ್ಲಿ ನಡೆದಾಗ ಸೋಲಿ ಕಾಂಟ್ರ್ಯಾಕ್ಟರ್ ಮತ್ತು ಎ.ಎ. ಬಾಸಿತ್ ಮೊದಲ ಬಾರಿಗೆ ಭಾರತದ ಪರ ಇಳಿದರು. 1982ರ ದೆಹಲಿ ಏಷ್ಯಾಡ್‌ನ ಸೇಲಿಂಗ್ ಮುಂಬಯಿಯಲ್ಲಿ ನಡೆಯಿತು, ಫರೋಖ್ ತಾರಾಪೋರ್ ಮತ್ತು ಜರೀರ್ ಕರಂಜಿಯಾ ಚಿನ್ನ ಗೆದ್ದರು. ತಾರಾಪೋರ್ ಆಮೇಲೆ 1984, 1988, 1992ರ ಮೂರು ಒಲಿಂಪಿಕ್ಸ್‌ಗೆ ಹೋದರು. 1990ರ ದಶಕದಲ್ಲಿ ಖೇಲ್ ರತ್ನ ಪಡೆದ ಹೋಮಿ ಮೋತಿವಾಲಾ ಮತ್ತು ಪಿ.ಕೆ. ಗರ್ಗ್ ನೌಕಾಪಡೆಯವರು. ಸೇನೆ ಕೊಡುವುದು ದೋಣಿ, ಕೋಚು, ಊಟ; ಎಲ್ಲಕ್ಕಿಂತ ಮುಖ್ಯವಾಗಿ ಸಂಬಳ. ಹದಿನೆಂಟರ ಹುಡುಗ ಅಪ್ಪನಿಗೆ ಉತ್ತರ ಹೇಳಬೇಕಾಗಿಲ್ಲ, ಅವನು ಕೆಲಸದಲ್ಲಿದ್ದಾನೆ.

ತೊಂದರೆ ಇರುವುದು ಅದರಾಚೆ. ಸೇನೆಗೆ ಸೇರದ ಹುಡುಗ, ಸೇನೆಯಲ್ಲಿ ಜಾಗ ಕಡಿಮೆ ಇರುವ ಹುಡುಗಿ, ಅವರಿಗೆ ಹದಿನೆಂಟರ ಮೇಲೆ ನೆಲೆ ಇಲ್ಲ. ರೈಲ್ವೆ, ಪೊಲೀಸ್, ಬ್ಯಾಂಕುಗಳ ಕ್ರೀಡಾ ಕೋಟಾದಲ್ಲಿ ಅಥ್ಲೆಟಿಕ್ಸ್, ಹಾಕಿ, ವಾಲಿಬಾಲ್ ಆಡಿದವರು ತಟ್ಟುವಷ್ಟು ಬಾಗಿಲುಗಳು ಇವರಿಗೆ ಇಲ್ಲ. ವಿಶ್ವವಿದ್ಯಾಲಯಗಳ ನಡುವಿನ ರೇಸು ನಮ್ಮಲ್ಲಿ ಗಟ್ಟಿಯಾಗಿಲ್ಲ. ಅಮೆರಿಕದ ಹಾಯಿದೋಣಿ ಆಟಕ್ಕೆ ಜನ ಬರುವ ಮುಖ್ಯ ದಾರಿಗಳಲ್ಲಿ ಅದೂ ಒಂದು. ಇಬ್ಬರು ಕೂರುವ ಒಂದೇ ನಮೂನೆಯ ದೋಣಿಗಳನ್ನು ಕಾಲೇಜೇ ಇಟ್ಟುಕೊಂಡಿರುತ್ತದೆ, ವಿದ್ಯಾರ್ಥಿ ಲೈಫ್ ಜಾಕೆಟ್ ತಂದರೆ ಸಾಕು. ಸುರತ್ಕಲ್‌ನ ಎಂಜಿನಿಯರಿಂಗ್ ಸಂಸ್ಥೆಯ ಅಂಗಳಕ್ಕೆ ತಾಗಿಯೇ ಕಡಲಿದೆ. ಅಲ್ಲಿಂದ ಶುರು ಮಾಡಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಟೋಕಿಯೊ ಒಲಿಂಪಿಕ್ಸ್‌ಗೆ ಹೋದ ನಾಲ್ವರನ್ನು ನೋಡಿ. ವಿಷ್ಣು ಸರವಣನ್, ನೇತ್ರಾ ಕುಮನನ್, ವರುಣ್ ಠಕ್ಕರ್, ಕೆ.ಸಿ. ಗಣಪತಿ. ಭಾರತ ಒಂದೇ ಒಲಿಂಪಿಕ್ಸ್‌ನಲ್ಲಿ ಸೇಲಿಂಗ್‌ನ ಮೂರು ವಿಭಾಗಗಳಲ್ಲಿ ಇಳಿದದ್ದು ಅದೇ ಮೊದಲು, ಭಾರತದ ಹೆಣ್ಣುಮಗಳೊಬ್ಬಳು ಅರ್ಹತೆ ಪಡೆದದ್ದೂ ಅದೇ ಮೊದಲು. ಗಣಪತಿಯ ಪೂರ್ಣ ಹೆಸರು ಕೇಳಪಂಡ ಚೆಂಗಪ್ಪ ಗಣಪತಿ. ಒಕ್ಕದ, ಅಂದರೆ ಮನೆತನದ, ಹೆಸರು ಕೇಳಿದ ಕೊಡಗಿನವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಆದರೆ ಅವರು ದೋಣಿ ಕಲಿತದ್ದು ಚೆನ್ನೈಯಲ್ಲಿ. ನೇತ್ರಾ, ವರುಣ್ ಕೂಡ ಅಲ್ಲಿಯವರೇ. ನೇತ್ರಾ ಮೊದಲು ದೋಣಿ ಹತ್ತಿದ್ದು 2009ರಲ್ಲಿ, ತಮಿಳುನಾಡು ಸೇಲಿಂಗ್ ಅಸೋಸಿಯೇಷನ್ನಿನ ಬೇಸಿಗೆ ಶಿಬಿರದಲ್ಲಿ. ಒಂದು ಬೇಸಿಗೆ ಶಿಬಿರಕ್ಕೆ ಎಷ್ಟು ಖರ್ಚಾದೀತು? ಅದರಿಂದ ಎರಡು ಒಲಿಂಪಿಕ್ಸ್ ಆಡಿದ ಹೆಣ್ಣುಮಗಳು ಬಂದಳು. ಪ್ಯಾರಿಸ್ ಒಲಿಂಪಿಕ್ಸ್‌ನ ಸೇಲಿಂಗ್ ಮಾರ್ಸೆಯಲ್ಲಿ ನಡೆದಾಗ ಟೋಕಿಯೊದ 35ನೇ ಸ್ಥಾನದಿಂದ 21ಕ್ಕೆ ಬಂದಿದ್ದಳು. ವಿಷ್ಣು 20ರಿಂದ 18ಕ್ಕೆ. ಪದಕವಿಲ್ಲದ್ದರಿಂದ ಸುದ್ದಿಯಾಗಲಿಲ್ಲ. ಈ ಆಟದಲ್ಲಿ 35ರಿಂದ 21ಕ್ಕೆ ಏರುವುದು ಎಂದರೆ ಮೂರು ವರ್ಷ ಮನೆಬಿಟ್ಟು ಯುರೋಪಿನ ಗಾಳಿಯಲ್ಲಿ ಇದ್ದುಬರುವುದು. ಒಲಿಂಪಿಕ್ಸ್ ಪದಕದ ಭರವಸೆ ಇರುವವರಿಗೆಂದು ಇರುವ ಸರ್ಕಾರದ ಟಾಪ್ಸ್ ಯೋಜನೆ ಆ ಖರ್ಚಿಗೆ ಕೈಹಿಡಿಯುತ್ತದೆ, ಒಳ್ಳೆಯದೇ. ಆದರೆ ಟಾಪ್ಸ್ ಮೇಲಿನ ಮೆಟ್ಟಿಲಿನವರಿಗೆ. ಅಲ್ಲಿಗೆ ಬರುವವರೆಗಿನ ನಾಲ್ಕೈದು ವರ್ಷ ಅಪ್ಪ ಅಮ್ಮನ ಪಾಲಿಗೆ.

ಭೋಪಾಲದ ಕಥೆ ಇನ್ನೂ ಮಜವಾಗಿದೆ. ಸಮುದ್ರವೇ ಇಲ್ಲದ ರಾಜ್ಯ. ಆ ಊರಿನ ದೊಡ್ಡ ಕೆರೆಯಲ್ಲಿ ಕಲಿತ ಹರ್ಷಿತಾ ತೋಮರ್ 2018ರಲ್ಲಿ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದಳು, ಐದು ವರ್ಷ ಬಿಟ್ಟು ಅದೇ ಊರಲ್ಲಿ ತಯಾರಾದ ನೇಹಾ ಬೆಳ್ಳಿ ಗೆದ್ದಳು. ಹಾಸ್ಟೆಲ್, ಶಾಲೆ, ಕೋಚು, ದೋಣಿ, ಎಲ್ಲ ಒಂದೇ ಕಡೆ. ಹೈದರಾಬಾದಿನಲ್ಲಿ ಸುಹೇಮ್ ಶೇಖ್ ಕಟ್ಟಿದ ಯಾಟ್ ಕ್ಲಬ್ ಆಫ್ ಹೈದರಾಬಾದ್ ರಸೂಲ್‌ಪುರದಂಥ ಬಡಾವಣೆಗಳ ಶಾಲಾಮಕ್ಕಳನ್ನು ಹುಸೇನ್ ಸಾಗರಕ್ಕೆ ಇಳಿಸಿತು; ಅವರಲ್ಲಿ ಕೆಲವರು ರಾಷ್ಟ್ರಮಟ್ಟದ ರೇಸುಗಳ ಮೊದಲ ಸಾಲಿಗೆ ಬಂದಿದ್ದಾರೆ. ಇದು ಶ್ರೀಮಂತರ ಆಟ ಎನ್ನುವವರಿಗೆ ನಾನು ತೋರಿಸುವುದು ಈ ಎರಡು ಊರುಗಳನ್ನು. ದೋಣಿ ಯಾರದ್ದು ಎಂಬುದಷ್ಟೇ ಪ್ರಶ್ನೆ. ಮಗುವಿನದ್ದಾದರೆ ಶ್ರೀಮಂತರ ಆಟ, ಕ್ಲಬ್ಬಿನದ್ದಾದರೆ ಅಲ್ಲ.

ಹಾಂಗ್‌ಕಾಂಗಿನ ಉದಾಹರಣೆಯೂ ನೆನಪಾಗುತ್ತದೆ. ಹಾಂಗ್‌ಕಾಂಗಿಗೆ ಮೊದಲ ಒಲಿಂಪಿಕ್ ಪದಕ, ಅದೂ ಚಿನ್ನ, ಬಂದದ್ದು 1996ರಲ್ಲಿ ವಿಂಡ್‌ಸರ್ಫಿಂಗ್‌ನಿಂದ. ಗೆದ್ದ ಲೀ ಲೈ-ಶಾನ್ ಚ್ಯೂಂಗ್ ಚಾವ್ ಎಂಬ ಮೀನುಗಾರರ ಪುಟ್ಟ ದ್ವೀಪದವಳು. ಮಾವನ ವಿಂಡ್‌ಸರ್ಫಿಂಗ್ ಕೇಂದ್ರದಲ್ಲಿ ಕಲಿತವಳು. ಅದೇ ಅಟ್ಲಾಂಟಾ ಒಲಿಂಪಿಕ್ಸ್‌ನ ಸೇಲಿಂಗ್‌ನಲ್ಲಿ ಬ್ರಿಟನ್ನಿಗೆ ಬಂದದ್ದು ಎರಡು ಬೆಳ್ಳಿ. 1997ರಿಂದ ಲಾಟರಿ ಹಣ ಕ್ರೀಡೆಗೆ ಹರಿಯಲು ಶುರುವಾಯಿತು, ಆಟಗಾರರಿಗೆ ಪೂರ್ಣಾವಧಿ ಜೀವನ ಸಾಧ್ಯವಾಯಿತು. ಸಿಡ್ನಿಯಲ್ಲಿ ಮೂರು ಚಿನ್ನ, ಎರಡು ಬೆಳ್ಳಿ. ಹಣ ಬಂದಾಗ ಹಿಡಿದುಕೊಳ್ಳಲು ಅಲ್ಲಿ ನೂರಾರು ಕ್ಲಬ್ಬುಗಳಿದ್ದವು ಎಂಬುದನ್ನು ಮರೆಯಬಾರದು. ಬುಡವಿಲ್ಲದ ಕಡೆ ತುದಿಗೆ ಮಾತ್ರ ನೀರು ಹಾಕಿದರೆ ಅಂಥ ಫಲ ಬರುವುದಿಲ್ಲ.

ಒಂದು ಗೊಂದಲವನ್ನು ಇಲ್ಲೇ ಬಿಡಿಸಬೇಕು. ಹಾಯಿದೋಣಿ ಎಂದರೆ ನಮ್ಮ ಜನಕ್ಕೆ ನೆನಪಾಗುವುದು ಭೂಪ್ರದಕ್ಷಿಣೆ. 1985-87ರಲ್ಲಿ ಸೇನೆಯ ಎಂಜಿನಿಯರುಗಳು ತೃಷ್ಣಾದಲ್ಲಿ ಸುತ್ತಿಬಂದರು. ಗೋವಾದಲ್ಲಿ ಕಟ್ಟಿದ ಮಾದೇಯಿಯಲ್ಲಿ ದಿಲೀಪ್ ದೊಂದೆ ಒಬ್ಬರೇ ಸುತ್ತಿದರು, ಅಭಿಲಾಷ್ ಟಾಮಿ ಎಲ್ಲೂ ನಿಲ್ಲದೆ ಸುತ್ತಿದರು. ತಾರಿಣಿಯಲ್ಲಿ ವರ್ತಿಕಾ ಜೋಶಿ ಮುಂದಾಳಾಗಿ ಆರು ಹೆಣ್ಣುಮಕ್ಕಳು 254 ದಿನ, ಆಮೇಲೆ 2024-25ರಲ್ಲಿ ದಿಲ್ನಾ ಮತ್ತು ರೂಪಾ ಇಬ್ಬರೇ. ಮೈ ಜುಮ್ಮೆನ್ನುವ ಸಾಹಸಗಳು, ನಾನು ದಿನಾ ನಕ್ಷೆ ತೆರೆದು ತಾರಿಣಿ ಎಲ್ಲಿದೆ ಎಂದು ನೋಡಿದವಳು. ಆದರೆ ಅದು ಸಾಹಸಯಾನ, ನಾಲ್ಕು ಮೀಟರಿನ ದೋಣಿಯ ರೇಸು ಬೇರೆ ವಿದ್ಯೆ. ಒಂದಕ್ಕೆ ಸಿಕ್ಕ ಹೆಸರಿನಿಂದ ಇನ್ನೊಂದಕ್ಕೆ ಕೋಚು ಬರುವುದಿಲ್ಲ, ಬೋಟಿಗೆ ಪೆಟ್ರೋಲು ಬರುವುದಿಲ್ಲ.

ಇನ್ನು ಆಡಳಿತ. 2025ರ ಆಗಸ್ಟಿನಲ್ಲಿ ಸಂಸತ್ತು ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯನ್ನು ಒಪ್ಪಿತು. ಕ್ರೀಡಾ ಮಂಡಳಿ, ನ್ಯಾಯಮಂಡಳಿ, ಚುನಾವಣಾ ಸಮಿತಿ ಬರಲಿವೆ. ಫೆಡರೇಷನ್ನುಗಳ ಕಾರ್ಯಕಾರಿ ಸಮಿತಿ ಹದಿನೈದು ಮಂದಿಯನ್ನು ಮೀರಬಾರದು, ಅದರಲ್ಲಿ ನಾಲ್ವರಾದರೂ ಹೆಂಗಸರಿರಬೇಕು, ಸಾಧಕ ಆಟಗಾರರೂ ಇರಬೇಕು, ಆಟಗಾರರದ್ದೇ ಸಮಿತಿಯೂ ಇರಬೇಕು. ಸೇಲಿಂಗ್‌ಗೆ ಇದು ಹಾಕಿಗಿಂತ ದೊಡ್ಡ ಬದಲಾವಣೆ ಆದೀತು. ಇತ್ತೀಚೆಗೆ ಒಲಿಂಪಿಕ್ಸ್ ದೋಣಿ ನಡೆಸಿದ ಇಬ್ಬರು ಮೇಜಿನ ಸುತ್ತ ಕೂತರೆ, ಯಾವ ವಿಭಾಗಕ್ಕೆ ಹಣ ಹಾಕಬೇಕು ಎಂಬ ಚರ್ಚೆ ಕೊನೆಗೂ ಸರಿಯಾದ ಜಾಗದಲ್ಲಿ ನಡೆದೀತು. ಒಲಿಂಪಿಕ್ಸ್‌ನಲ್ಲಿ ಹತ್ತು ವಿಭಾಗಗಳಿವೆ, ನಾವು ಹತ್ತಕ್ಕೂ ಕೈಹಾಕುವ ಸ್ಥಿತಿಯಲ್ಲಿಲ್ಲ. ಗಾಳಿಪಟ ಹಿಡಿದು ಹಾರುವ ಫಾರ್ಮುಲಾ ಕೈಟ್, ಐಕ್ಯೂಫಾಯಿಲ್‌ಗಳಿಗೆ ದೊಡ್ಡ ಬಂದರು ಬೇಡ, ಮರಳ ದಂಡೆ ಸಾಕು. ಮೂಲ್ಕಿ, ಸಸಿಹಿತ್ಲುಗಳಲ್ಲಿ ಸರ್ಫಿಂಗ್ ಹಲಗೆ ಹಿಡಿದು ಬೆಳೆದ ಮಕ್ಕಳಿಗೆ ಇವು ಪೂರ್ತಿ ಅಪರಿಚಿತವೂ ಅಲ್ಲ. ನನ್ನ ಮಟ್ಟಿಗೆ ಮಂಗಳೂರಿನ ದಾರಿ ಐಎಲ್‌ಸಿಎಗಿಂತ ಈ ಕಡೆ ಇದೆ. ಇದನ್ನು ಒಪ್ಪದ ಕೋಚುಗಳಿದ್ದಾರೆ. ಹಲಗೆಯನ್ನು ನೀರಿನಿಂದ ಮೇಲೆತ್ತುವ ಫಾಯಿಲ್‌ನಂಥ ಸಾಮಗ್ರಿ ಬೇಗ ಹಳತಾಗುತ್ತದೆ, ಬೆಲೆ ಜಾಸ್ತಿ ಎನ್ನುತ್ತಾರೆ. ಅವರ ಮಾತಿನಲ್ಲೂ ಹುರುಳಿದೆ.

ಕರ್ನಾಟಕಕ್ಕೆ ಒಂದು ಅನುಕೂಲ ಇದೆ, ನಾವು ಅದನ್ನು ಅನುಕೂಲ ಎಂದು ನೋಡಿಯೇ ಇಲ್ಲ. ಸುಮಾರು 320 ಕಿಲೊಮೀಟರ್ ಕರಾವಳಿಯಲ್ಲಿ ಮಳೆಗಾಲ ಮುಗಿದ ಮೇಲೆ ಮೇ ತಿಂಗಳವರೆಗೆ ಮಧ್ಯಾಹ್ನ ಕಡಲಗಾಳಿ ಬರುತ್ತದೆ. ಜೂನ್, ಜುಲೈಯಲ್ಲಿ ಕಡಲು ಮುಚ್ಚಿರುತ್ತದೆ, ಮೀನುಗಾರಿಕೆಗೂ ಆಗ ನಿಷೇಧ. ಸರಿಯಾಗಿ ಅದೇ ಹೊತ್ತಿಗೆ ಬಯಲುಸೀಮೆಯ ಮೇಲೆ ಪಡುವಣ ಗಾಳಿ ಬೀಸುತ್ತದೆ. ಹುಸೇನ್ ಸಾಗರದ ಪ್ರಸಿದ್ಧ ರೇಸುಗಳು ಜುಲೈಯಲ್ಲಿ ನಡೆಯುವುದು ಈ ಗಾಳಿಗಾಗಿ. ಚಳಿಗಾಲಕ್ಕೆ ಕಾರವಾರ, ಮಲ್ಪೆ. ಮಳೆಗಾಲಕ್ಕೆ ಒಳನಾಡಿನ ಜಲಾಶಯ. ರಾಜ್ಯದ ಗಡಿ ದಾಟದೆ ಹೆಚ್ಚುಕಡಿಮೆ ವರ್ಷವಿಡೀ ಗಾಳಿ ಸಿಗುತ್ತದೆ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪಿನ ತೃಷ್ಣಾ ಸೇಲಿಂಗ್ ಕ್ಲಬ್ ಇದೆ, ಕಾರವಾರದಲ್ಲಿ ನೌಕಾನೆಲೆ ಇದೆ. ಬಲ್ಲವರು ನಮ್ಮಲ್ಲೇ ಇದ್ದಾರೆ. ಸೇನೆಯ ಗೋಡೆಯ ಈಚೆಗಿನ ಮಕ್ಕಳಿಗೆ ಅವರ ವಾರದ ಎರಡು ಬೆಳಗು ಸಿಗಬೇಕು, ಅಷ್ಟೆ.

ದೋಣಿಯನ್ನೂ ಪೂರ್ತಿ ಹೊರಗಿನಿಂದ ತರಬೇಕಾಗಿಲ್ಲ. ಅಂತರರಾಷ್ಟ್ರೀಯ ರೇಸಿಗೆ ಅನುಮೋದಿತ ಕಾರ್ಖಾನೆಯ ಐಎಲ್‌ಸಿಎಯೇ ಬೇಕು, ನಿಜ. ಕಲಿಯುವ ಮಗುವಿಗೆ ಅದೇ ಯಾಕೆ? ಜಗತ್ತಿನ ಲಕ್ಷಾಂತರ ಮಕ್ಕಳು ಕಲಿಯುವ ಆಪ್ಟಿಮಿಸ್ಟ್ ದೋಣಿಯನ್ನು 1947ರಲ್ಲಿ ಫ್ಲಾರಿಡಾದ ಕ್ಲಾರ್ಕ್ ಮಿಲ್ಸ್ ರೂಪಿಸಿದ್ದು ಪ್ಲೈವುಡ್‌ನಿಂದ, ಬಡಗಿಯಲ್ಲದವರೂ ಮಾಡಿಕೊಳ್ಳಲಿ ಎಂದು. ನಮ್ಮ ಮೀನುಗಾರಿಕೆ ಬಂದರುಗಳ ಅಕ್ಕಪಕ್ಕ ಫೈಬರ್ ದೋಣಿ ಮಾಡುವ ಶೆಡ್ಡುಗಳಿವೆ. ಒಂದು ಅಚ್ಚು ಕೊಟ್ಟರೆ ಎರಡೂವರೆ ಮೀಟರಿನ ಕಲಿಕೆಯ ದೋಣಿ ಅವರಿಗೆ ದೊಡ್ಡ ಕೆಲಸವಲ್ಲ; ಮುರಿದರೆ ಅಲ್ಲೇ ರಿಪೇರಿ.

ಅಣ್ಣನ ಮಗಳಿಗೆ ಈಗ ಹದಿನೇಳು. ಐಎಲ್‌ಸಿಎ 6ಕ್ಕೆ ಬಂದಿದ್ದಾಳೆ, ತೂಕ ಏರಿಸಲು ದಿನಾ ಮೊಟ್ಟೆ ತಿಂದು ತಿಂದು ಬೇಸತ್ತಿದ್ದಾಳೆ. “ಒಂದು ವರ್ಷ ದೋಣಿ ನಿಲ್ಲಿಸು, ಪರೀಕ್ಷೆ ಮುಗಿಸು” ಎನ್ನುತ್ತಾನೆ ಅಣ್ಣ. ಅವನನ್ನು ನಾನು ಬೈಯಲಾರೆ. ನಿಲ್ಲಿಸಿದವಳಿಗೆ ಮತ್ತೆ ಹತ್ತಲು ಕಾಲೇಜಿನಲ್ಲಿ ದೋಣಿ ಇರುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟಿದ್ದರೆ ಅವನೂ ಹೀಗೆ ಹೇಳುತ್ತಿರಲಿಲ್ಲ. ರೇಸ್ ಮಾಡದಿದ್ದರೂ ಚಿಕ್ಕವರಿಗೆ ಕಲಿಸುವ ತರಬೇತಿ ಪಡೆದು ನಾಲ್ಕು ಕಾಸು ಸಂಪಾದಿಸುವ ದಾರಿಯಾದರೂ ಇದ್ದರೆ ಇಂಥ ಮಕ್ಕಳು ದಡದಲ್ಲಿಯಾದರೂ ಉಳಿಯುತ್ತಾರೆ. ಹತ್ತು ವರ್ಷ ಗಾಳಿ ಓದಿದ ತಲೆಗಳು ಅವು.

2036ರ ಒಲಿಂಪಿಕ್ಸ್ ನಡೆಸಬೇಕೆಂದು ಭಾರತ ಕೇಳಿಕೊಂಡಿದೆ. ಸಿಕ್ಕಿದರೆ ಎಲ್ಲೋ ಒಂದು ಮರೀನಾ ಏಳುತ್ತದೆ, ರಿಬ್ಬನ್ ಕತ್ತರಿಸುತ್ತಾರೆ. ನನಗೆ ಅದಕ್ಕಿಂತ ಮುಂಚೆ ಬೇಕಾದದ್ದು ಇನ್ನೂ ಚಿಕ್ಕದು, ಇನ್ನೂ ತಲೆನೋವಿನದು. ನಮ್ಮ ಯಾವುದೇ ಜಲಾಶಯದ ಹಿನ್ನೀರಿನಲ್ಲಿ ಹನ್ನೆರಡು ಮಕ್ಕಳ ಶಾಲೆ ತೆರೆಯಬೇಕೆಂದರೆ ನೀರು ನೀರಾವರಿ ನಿಗಮದ್ದು, ದಡ ಹಲವೆಡೆ ಅರಣ್ಯ ಇಲಾಖೆಯದ್ದು, ಮೀನಿನ ಹಕ್ಕು ಮೀನುಗಾರಿಕೆ ಇಲಾಖೆಯಿಂದ ಗುತ್ತಿಗೆ ಪಡೆದವರದ್ದು. ಕುಡಿಯುವ ನೀರಾದರೆ ಪೆಟ್ರೋಲ್ ಬೋಟಿಗೆ ತಕರಾರು, ಆಗ ಬ್ಯಾಟರಿ ಮೋಟರಿನ ರಕ್ಷಣಾ ಬೋಟು ಹುಡುಕಬೇಕು. ಕಡಲ ಬದಿಗೆ ಬಂದರೆ ಬಂದರು ಇಲಾಖೆ, ಕರಾವಳಿ ಪೊಲೀಸರು. ಇಷ್ಟು ಸಹಿಗಳನ್ನು ದೆಹಲಿಯ ಫೆಡರೇಷನ್ ಬಂದು ಹಾಕಿಸಿಕೊಡುವುದಿಲ್ಲ. ರಾಜ್ಯದ ಕ್ರೀಡಾ ಇಲಾಖೆಯಲ್ಲಿ ಇದಕ್ಕೆಂದೇ ಒಬ್ಬ ಅಧಿಕಾರಿಯನ್ನು ಕೂರಿಸಿ, ಮೊದಲ ವರ್ಷಕ್ಕೆ ಒಂದೇ ಒಂದು ಹಿನ್ನೀರನ್ನು ಆರಿಸಿಕೊಂಡು, ಕಡತವನ್ನು ಮೇಜಿನಿಂದ ಮೇಜಿಗೆ ಅವರೇ ಹೊತ್ತು ನಡೆಯಬೇಕು.